ಹದಿನಾಲ್ಕೋ ಹದಿನಾರೋ: ಬಾಲ ಸೈನಿಕರ ಕೇಸು ಬೀಳುವುದು ಎಲ್ಲಿ?

ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಆಧಾರವಾದ ರೋಮ್ ಶಾಸನದ 8ನೇ ವಿಧಿಯ ಪ್ರಕಾರ 15 ತುಂಬದ ಮಕ್ಕಳನ್ನು ಸೈನ್ಯಕ್ಕೋ ಸಶಸ್ತ್ರ ಗುಂಪಿಗೋ ಸೇರಿಸಿಕೊಳ್ಳುವುದು, ಕಾದಾಟದಲ್ಲಿ ಬಳಸುವುದು ಯುದ್ಧಾಪರಾಧ. ಮಗು ತಾನಾಗಿಯೇ ಬಂತು ಎಂಬ ವಾದ ನಡೆಯುವುದಿಲ್ಲ. ಹಾಗಾಗಿ ಆರೋಪಿ ಪರ ವಕೀಲರು ಹಿಡಿಯುವುದು ವಯಸ್ಸನ್ನೇ. ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿಸಿದ 2000ದ ಐಚ್ಛಿಕ ಪ್ರೋಟೋಕಾಲ್ ಬಂಡುಕೋರ ಗುಂಪುಗಳಿಗೆ 18ರ ಗೆರೆ ಎಳೆದಿದೆ, ನಿಜ. ಆದರೂ ಹದಿನಾರರ ಹುಡುಗನನ್ನು ಮುಂಚೂಣಿಗೆ ತಳ್ಳಿದವನು ಹೇಗ್‌ನಲ್ಲಿ ಈ ವಿಧಿಯಡಿ ಸಿಕ್ಕಿಬೀಳುವುದಿಲ್ಲ. ಶಾಸನದ ದೊಡ್ಡ ಕೊರತೆ ಇದೇ ಅನ್ನಬೇಕು.

ಯುದ್ಧ ನಡೆಯುವ ಕಡೆ ಜನನ ಪತ್ರ ಸಿಗುವುದು ಅಪರೂಪ. ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದರೂ ಮೂಳೆಯ ಬೆಳವಣಿಗೆ ಹೇಳುವುದು ಅಂದಾಜನ್ನಷ್ಟೇ. ಹೋಲಿಕೆಗೆ ಬಳಸುವ ಹಳೆಯ ಮಾಪನಗಳು ಅನುಕೂಲಸ್ಥ ಬಿಳಿಯ ಅಮೆರಿಕನ್ ಮಕ್ಕಳವು, ಅಪೌಷ್ಟಿಕತೆಯಿಂದ ಮೂಳೆ ಬಲಿಯುವುದೂ ತಡವಾಗುತ್ತದೆ. 14ಕ್ಕೂ 16ಕ್ಕೂ ನಡುವೆ ಆ ಅಂದಾಜು ಕೆಲಸಕ್ಕೆ ಬಾರದು.

ಕಾಂಗೋದ ಇಟುರಿ ಪ್ರಾಂತದ ಸಶಸ್ತ್ರ ಗುಂಪೊಂದರ ನಾಯಕ ಥಾಮಸ್ ಲುಬಾಂಗಾ ಪ್ರಕರಣದಲ್ಲಿ ಮೊದಲ ಸಾಕ್ಷಿಯೇ 2009ರಲ್ಲಿ ಕಟಕಟೆಯಲ್ಲಿ ಮಾತು ಬದಲಿಸಿದ. ಪ್ರಾಸಿಕ್ಯೂಷನ್ ಸ್ಥಳೀಯ ಮಧ್ಯವರ್ತಿಗಳ ಮೂಲಕ ಸಾಕ್ಷಿಗಳನ್ನು ಹುಡುಕಿತ್ತು. ಆ ಮಧ್ಯವರ್ತಿಗಳಲ್ಲಿ ಕೆಲವರು ಸುಳ್ಳು ಹೇಳಿಸಿರಬಹುದೆಂದು ನ್ಯಾಯಾಧೀಶರಿಗೇ ಅನ್ನಿಸಿತು. ಬಾಲ ಸೈನಿಕರಾಗಿದ್ದೆವು ಎಂದವರ ಹೇಳಿಕೆಗಳನ್ನು ಬದಿಗಿಟ್ಟರು. ಕೈಹಿಡಿದದ್ದು ವಿಡಿಯೋ: 2003ರ ಫೆಬ್ರವರಿಯಲ್ಲಿ ರ್ವಾಂಪಾರಾ ಶಿಬಿರದಲ್ಲಿ ಲುಬಾಂಗಾ ಹೊಸಬರಿಗೆ ಭಾಷಣ ಮಾಡುತ್ತಿದ್ದಾನೆ, ಎದುರಿಗೆ ನಿಂತವರಲ್ಲಿ ಕೆಲವರು 15ಕ್ಕಿಂತ ಎಷ್ಟೋ ಚಿಕ್ಕವರೆಂದು ಯಾರಿಗಾದರೂ ಕಾಣುತ್ತದೆ. ಗಡಿಯಲ್ಲಿರುವ ವಯಸ್ಸಿನವರನ್ನು ಕೋರ್ಟು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 2012ರಲ್ಲಿ 14 ವರ್ಷ ಶಿಕ್ಷೆಯಾಯಿತು. ಅಂಗರಕ್ಷಕನ ಕೆಲಸವೂ 'ಸಕ್ರಿಯ ಬಳಕೆ'ಯೇ ಎಂದಿತು ತೀರ್ಪು. ಮಗು ಶತ್ರುವಿನ ಗುರಿಯಾಗುವ ಅಪಾಯವಿತ್ತೇ ಎಂಬುದೇ ಆ ತೀರ್ಪಿನ ಒರೆಗಲ್ಲಾಗಿತ್ತು.

ಹೇಳಿಕೆ ಬರೆದುಕೊಳ್ಳುವವರು 'ಆಗ ನಿನಗೆ ಹನ್ನೆರಡಲ್ವಾ?' ಎಂದು ಕೇಳಲೇಬಾರದು. ಯಾವ ತರಗತಿಯಲ್ಲಿದ್ದೆ, ಎತ್ತಿಕೊಂಡು ಹೋದಾಗ ಊರಲ್ಲಿ ಏನು ನಡೆದಿತ್ತು ಎಂದು ಕೇಳಿ, ಶಾಲೆಯ ದಾಖಲಾತಿ, ಲಸಿಕೆ ಕಾರ್ಡಿನ ಜೊತೆ ತಾಳೆ ನೋಡಬೇಕು. ಹಲವು ಸಂಸ್ಥೆಗಳು ಅದೇ ಮಗುವನ್ನು ಮತ್ತೆ ಮತ್ತೆ ಮಾತಾಡಿಸಿದರೆ ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ. ಪಾಟೀಸವಾಲಿನಲ್ಲಿ ಅದಷ್ಟೇ ಸಾಕು. ಅಪರಾಧಿಯ ಅರಿವಿನ ಮಟ್ಟಿಗೆ ನಿಯಮ ಸಡಿಲವಾಗಿದೆ: ಮಗು 15ರ ಒಳಗಿನದೆಂದು ಗೊತ್ತಿದ್ದರೂ ಸರಿ, ಗೊತ್ತಿರಬೇಕಾಗಿತ್ತು ಎಂದಾದರೂ ಸರಿ.

26ನೇ ವಿಧಿಯಂತೆ ಕೃತ್ಯದ ವೇಳೆ 18 ತುಂಬದವರನ್ನು ಈ ಕೋರ್ಟು ವಿಚಾರಿಸುವುದಿಲ್ಲ. ಉಗಾಂಡದ ಬಂಡುಕೋರ ಗುಂಪೊಂದರ ಡಾಮಿನಿಕ್ ಒಂಗ್ವೆನ್‌ಗೆ ಇದು ನೆರವಾಗಲಿಲ್ಲ. ಸುಮಾರು ಒಂಬತ್ತರ ವಯಸ್ಸಲ್ಲಿ ಆ ಗುಂಪಿನವರು ಅವನನ್ನೇ ಅಪಹರಿಸಿದ್ದರು, ಆದರೆ ಆರೋಪಗಳು 2002ರಿಂದ 2005ರವು, ಆಗ ಅವನು ವಯಸ್ಕ ಕಮಾಂಡರ್. ಕಳೆದುಹೋದ ಆ ಬಾಲ್ಯವನ್ನು ಪರಿಗಣಿಸಿ ಜೀವಾವಧಿಯ ಬದಲು 25 ವರ್ಷ ವಿಧಿಸಿದರು.