ನಿಮ್ಮ ನಾಯಕನಿಗೆ ಯಾವ ದೋಷ ಕೊಡಬೇಕು?

ಪ್ರೇಮಕಥೆ ಬರೆಯುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ನನ್ನ ನಾಯಕ, ನಾಯಕಿ ಇಬ್ಬರೂ ತೀರಾ ಒಳ್ಳೆಯವರಾಗಿಬಿಟ್ಟಿದ್ದಾರೆ. ಓದಿದವರು ಇಂಥವರು ಎಲ್ಲಿರ್ತಾರೆ ಅಂತಾರೆ. ಅವರಿಗೆ ಎಂಥ ದೋಷ ಕೊಡಲಿ?"

ನಾನು ತಿರುಗಿ ಕೇಳುತ್ತೇನೆ: ಆ ದೋಷದಿಂದ ನೋವು ಯಾರಿಗೆ?

ಎಷ್ಟೋ ಕಥೆಗಳಲ್ಲಿ ಯಾರಿಗೂ ಇಲ್ಲ. ನಾಯಕಿ ನಡೆಯುವಾಗ ಎಡವುತ್ತಾಳೆ, ಅವಳಿಗೆ ಅಡುಗೆ ಬರುವುದಿಲ್ಲ. ನಾಯಕ ಜಾಸ್ತಿ ಮಾತಾಡುವುದಿಲ್ಲ, ಸದಾ ಕೆಲಸದಲ್ಲಿ ಮುಳುಗಿರುತ್ತಾನೆ. ಇದೆಲ್ಲ ಅಲಂಕಾರ. ಕೆಲಸದ ಸಂದರ್ಶನದಲ್ಲಿ ನಿಮ್ಮ ದೌರ್ಬಲ್ಯ ಏನು ಅಂತ ಕೇಳಿದರೆ "ನಾನು ಸ್ವಲ್ಪ ಅತಿಯಾಗಿ ದುಡೀತೀನಿ ಸಾರ್" ಅಂದ ಹಾಗೆ.

ಒಂದು ಪಾತ್ರ ಕಟ್ಟಿ ನೋಡೋಣ. ಯಾರಿಗೂ ಇಲ್ಲ ಅನ್ನಲು ಬಾರದ ಹುಡುಗ. ಗೆಳೆಯರು, ಪಕ್ಕದ ಮನೆಯವರು, ಆಫೀಸಿನವರು, ಯಾರು ಏನು ಕೇಳಿದರೂ "ಆಯ್ತು" ಅನ್ನುತ್ತಾನೆ. ಎಲ್ಲರಿಗೂ ಅವನೆಂದರೆ ಇಷ್ಟ. ಹುಡುಗಿ ಅವನನ್ನು ಮೆಚ್ಚಿದ್ದೂ ಅದಕ್ಕೇ. ಆಮೇಲೆ ಒಂದು ದಿನ ಅವಳ ಅಮ್ಮನ ಆಪರೇಷನ್. ಜೊತೆಗಿರ್ತೀನಿ ಅಂದವನು ಬರಲಿಲ್ಲ. ಯಾರೋ ಮನೆ ಬದಲಾಯಿಸುತ್ತಿದ್ದರು, ಸಾಮಾನು ಸಾಗಿಸಲು ಕರೆದರು, ಹೋದ. ಅವನಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಹೊರಗಿನವರಿಗೆ ಇಲ್ಲ ಅನ್ನಲಾರದವನು ಅವಳಿಗೆ ಮಾತ್ರ ಪ್ರತಿ ಸಲ ಇಲ್ಲ ಅಂದಿರುತ್ತಾನೆ, ಬಾಯಿ ಬಿಡದೆಯೇ. ಇವಳು ಅರ್ಥ ಮಾಡಿಕೊಳ್ಳುತ್ತಾಳೆ ಅನ್ನುವ ಧೈರ್ಯ ಅವನದು. ಅವಳು ಮೆಚ್ಚಿದ ಗುಣವೇ ಅವಳಿಗೆ ಏಟು ಕೊಟ್ಟಿತು. ಇಂಥ ದೋಷವನ್ನು ಹೊರಗಿನಿಂದ ತಂದು ಅಂಟಿಸಬೇಕಾಗಿಲ್ಲ. ಪಾತ್ರದ ಒಳ್ಳೆಯ ಗುಣವನ್ನೇ ಹಿಡಿದು, ಇದರಿಂದ ಹತ್ತಿರದವರಿಗೆ ಏನು ನಷ್ಟ ಅಂತ ಕೇಳಿದರೆ ಸಾಕು, ಸಿಗುತ್ತದೆ.

ಇಲ್ಲಿವರೆಗೂ ಬಂದವರು ಮುಂದಿನ ಹೆಜ್ಜೆಯಲ್ಲಿ ಹಿಂಜರಿಯುತ್ತಾರೆ. ನಾಯಕ ತಪ್ಪು ಮಾಡಿದ ತಕ್ಷಣ ಅವನ ಪರ ವಕಾಲತ್ತು ಶುರು. ಬಾಲ್ಯದಲ್ಲಿ ಅಪ್ಪ ಬಿಟ್ಟುಹೋಗಿದ್ದ, ಹಳೆಯ ಪ್ರೇಯಸಿ ಮೋಸ ಮಾಡಿದ್ದಳು, ಪಾಪ, ಅದಕ್ಕೇ ಹೀಗೆ.

ಇದು ಬಹಳ ಹಳೆಯ ಉಪಾಯ. ಶಕುಂತಲೆಯ ಕಥೆ ಎಲ್ಲರಿಗೂ ಗೊತ್ತು, ಉಂಗುರ ಕಳೆಯಿತು, ದುಷ್ಯಂತ ಮರೆತ. ಆದರೆ ಮಹಾಭಾರತದ ಆದಿಪರ್ವದಲ್ಲಿ ಉಂಗುರವೂ ಇಲ್ಲ, ದೂರ್ವಾಸರ ಶಾಪವೂ ಇಲ್ಲ. ಅಲ್ಲಿ ದುಷ್ಯಂತನಿಗೆ ಎಲ್ಲವೂ ನೆನಪಿದೆ. ಮಗನ ಜೊತೆ ಬಂದು ನಿಂತ ಹೆಂಡತಿಯನ್ನು ಸಭೆಯಲ್ಲಿ ಗೊತ್ತೇ ಇಲ್ಲ ಅನ್ನುತ್ತಾನೆ, ಬಾಯಿಗೆ ಬಂದಂತೆ ಬೈಯುತ್ತಾನೆ. ಅಶರೀರವಾಣಿ ಆದಮೇಲಷ್ಟೇ ಒಪ್ಪಿಕೊಳ್ಳುತ್ತಾನೆ. ಗೊತ್ತಿತ್ತು, ಬರೀ ಇವಳ ಮಾತಿನ ಮೇಲೆ ಒಪ್ಪಿಕೊಂಡಿದ್ದರೆ ಜನ ಸಂಶಯಪಡುತ್ತಿದ್ದರು ಅಂತ ಕಾರಣ ಕೊಡುತ್ತಾನೆ. ಪ್ರೀತಿಸಿದವಳಿಗಿಂತ ಜನರ ಬಾಯಿಗೆ ಹೆದರಿದ ಗಂಡಸು! ಇಂಥವರನ್ನು ನಾವೆಲ್ಲ ಕಂಡಿದ್ದೇವೆ, ಅಲ್ವಾ? ಕಾಳಿದಾಸ ಶಾಪವನ್ನು ಮಧ್ಯೆ ತಂದ. ರಾಜನ ತಪ್ಪು ತೊಳೆದುಹೋಯಿತು. ನಾಟಕ ಸುಂದರವಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನುಷ್ಯನಾಗಿ ನನಗೆ ಹೆಚ್ಚು ಕಾಡುವುದು ಆದಿಪರ್ವದ ದುಷ್ಯಂತನೇ.

ತಮಾಷೆ ಅಂದ್ರೆ, ರಾಜನ ತಪ್ಪನ್ನು ಅಳಿಸಿದ ಅದೇ ಕಾಳಿದಾಸ ಶಕುಂತಲೆಗೆ ಒಂದು ಚಿಕ್ಕ ತಪ್ಪು ಕೊಟ್ಟಿದ್ದಾನೆ. ಗಂಡನ ನೆನಪಲ್ಲಿ ಮುಳುಗಿದ್ದವಳಿಗೆ ಬಾಗಿಲಿಗೆ ಬಂದ ಅತಿಥಿ ದೂರ್ವಾಸರ ದನಿ ಕೇಳಿಸುವುದಿಲ್ಲ, ಆ ಸಿಟ್ಟಿಗೇ ಅವರ ಶಾಪ. ಪ್ರೀತಿಯಿಂದಲೇ ಹುಟ್ಟಿದ ತಪ್ಪು, ಇಡೀ ಕಥೆ ಅದರ ಮೇಲೆ ನಿಂತಿದೆ. ಕಲಿಯುವುದಾದರೆ ಇದನ್ನು ಕಲಿಯಬೇಕು.

ಹಿಂದಿನ ಗಾಯಗಳನ್ನು ಬರೆಯಲೇಬೇಡಿ ಅಂತಲ್ಲ. ಅವು ಕಾರಣ ಹೇಳಲಿ, ಸಾಲ ತೀರಿಸದಿರಲಿ. ಅಪ್ಪ ಬಿಟ್ಟುಹೋಗಿದ್ದು ನಿಜ ಇರಬಹುದು, ಆದರೆ ಆಸ್ಪತ್ರೆಗೆ ಬರದೇ ಇದ್ದದ್ದು ಇವನು.

ಇಬ್ಬರ ದೋಷಗಳೂ ಒಂದಕ್ಕೊಂದು ಸಿಕ್ಕಿಹಾಕಿಕೊಂಡರೆ ಕಥೆ ತಾನಾಗೇ ಓಡುತ್ತದೆ. ಜೇನ್ ಆಸ್ಟೆನ್‌ಳ 1813ರ 'ಪ್ರೈಡ್ ಅಂಡ್ ಪ್ರೆಜುಡೀಸ್'ನಲ್ಲಿ ನಾಯಕ ಡಾರ್ಸಿ ನಾಯಕಿ ಎಲಿಜಬೆತ್ ಹತ್ತಿರ ಮೊದಲ ಸಲ ಮದುವೆಯ ಮಾತೆತ್ತುವುದನ್ನು ನೋಡಿ. ಪ್ರೀತಿ ಹೇಳಿಕೊಳ್ಳುತ್ತಲೇ ಅವಳ ಮನೆತನ ತನಗಿಂತ ಎಷ್ಟು ಕೀಳು ಅಂತಲೂ ಹೇಳುತ್ತಾನೆ. ಎಲಿಜಬೆತ್ ಅಷ್ಟರಲ್ಲೇ ಅವನು ಕೆಟ್ಟವನು ಅಂತ ತೀರ್ಮಾನ ಮಾಡಿಯಾಗಿದೆ, ಸವಿ ಮಾತಿನ ವಿಕ್‌ಹ್ಯಾಮ್ ಅವನ ಬಗ್ಗೆ ಹೇಳಿದ್ದನ್ನೆಲ್ಲ ನಂಬಿ. ಅವನ ಜಂಭ ಅವಳ ಅವಸರದ ತೀರ್ಪಿಗೆ ಪುರಾವೆ ಒದಗಿಸುತ್ತಾ ಹೋಗುತ್ತದೆ. ಅವಳ ಜಾಗದಲ್ಲಿ ಸೌಮ್ಯವಾದ ಹುಡುಗಿಯನ್ನು ಕೂರಿಸಿದರೆ ಕಾದಂಬರಿ ಅರ್ಧಕ್ಕೇ ಮುಗಿಯುತ್ತಿತ್ತು.

ಒಂದು ಎಚ್ಚರಿಕೆ ಮಾತ್ರ. ಬೇಡ ಅಂದರೂ ಹಿಂದೆ ಬೀಳುವುದು, ಕೈ ಹಿಡಿದು ಎಳೆಯುವುದು, ಫೋನ್ ಕಿತ್ತು ನೋಡುವುದು, ಇವನ್ನು "ಅವನು ಪರಿಪೂರ್ಣನಲ್ಲ" ಅನ್ನುವ ಲೆಕ್ಕಕ್ಕೆ ಸೇರಿಸಬೇಡಿ. ಅದು ಹಿಂಸೆ. ಪಾತ್ರ ಹಾಗೆ ಮಾಡಬಾರದು ಅಂತೇನಿಲ್ಲ. ಆದರೆ ಅದಕ್ಕೆ ಬಹುಮಾನವಾಗಿ ಕೊನೆಯಲ್ಲಿ ಹುಡುಗಿಯನ್ನೇ ಕೊಟ್ಟುಬಿಟ್ಟರೆ ತಪ್ಪು ಬರೆದವರದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: ಓದುಗರಿಗೆ ಪಾತ್ರ ಹಿಡಿಸದೇ ಹೋದರೆ? ಕೆಲವರಿಗೆ ಹಿಡಿಸುವುದಿಲ್ಲ, ಬಿಡಿ. ಉಳಿದವರಿಗಾಗಿ, ತಪ್ಪು ಯಾವಾಗ ನಡೆಯಬೇಕು ಅಂತ ಯೋಚಿಸಿ. ಆಸ್ಟೆನ್‌ಳದೇ 'ಎಮ್ಮಾ'ದಲ್ಲಿ ನಾಯಕಿ ಪಿಕ್ನಿಕ್ಕಿನಲ್ಲಿ, ಎಲ್ಲರ ಎದುರು, ಬಡ ಮಿಸ್ ಬೇಟ್ಸ್‌ಳನ್ನು ಚುಚ್ಚಿ ಮಾತಾಡುತ್ತಾಳೆ. ಹೊತ್ತು ಹೋಗಲಿ ಅಂತ ಸುಮ್ನೆ ಆಡಿದ ಮಾತು. ಆ ವೇಳೆಗೆ ಕಾದಂಬರಿಯ ಮುಕ್ಕಾಲು ಭಾಗ ಮುಗಿದಿದೆ, ನಾವು ಅವಳ ತಲೆಯೊಳಗೇ ವಾಸ ಮಾಡುತ್ತಿದ್ದೇವೆ. ಆದ್ದರಿಂದ ಪುಸ್ತಕ ಕೆಳಗಿಡುವುದಿಲ್ಲ, ನಮಗೇ ನಾಚಿಕೆಯಾಗುತ್ತದೆ. ಅವಳನ್ನು ಪ್ರೀತಿಸುವ ನೈಟ್ಲಿಯೇ ಬೈಯುತ್ತಾನೆ. ಅವಳು ಗಾಡಿಯಲ್ಲಿ ದಾರಿಯುದ್ದಕ್ಕೂ ಅಳುತ್ತಾಳೆ. ಮರುದಿನ ಬೆಳಗ್ಗೆ ತಾನಾಗೇ ಮಿಸ್ ಬೇಟ್ಸ್ ಮನೆಗೆ ಹೋಗುತ್ತಾಳೆ. ಅಲ್ಲಿ ಕ್ಷಮೆಯ ಭಾಷಣ ಇಲ್ಲ, ಇಬ್ಬರೂ ಬೇರೆ ಯಾವುದೋ ವಿಷಯ ಮಾತಾಡುತ್ತಾರೆ.