ಆಪರೇಶನ್ ಆದವಳಿಗೆ ಮಾಲಾ ಗುಳಿಗೆ ಎಂತಕ್ಕೆ?

ಶಿರಸಿ, 5 ಫೆಬ್ರುವರಿ 2026, ಗುರುವಾರ

ಮಾರಿಕಾಂಬೆ ಜಾತ್ರೆಯ ವರ್ಷ ಇದು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಹತ್ತಿರವಾದಂತೆ ಔಷಧಿ ಅಂಗಡಿಗಳಲ್ಲಿ ‘ಮುಟ್ಟು ಮುಂದೆ ಹಾಕುವ ಗುಳಿಗೆ’ಗೂ ಗಿರಾಕಿ ಹೆಚ್ಚುತ್ತದೆ. ಕೇಳಿಕೊಂಡು ಬರುವವರಲ್ಲಿ ಕೆಲವರಿಗೆ ಜಾತ್ರೆ ಬರೀ ನೆವ. ತಿಂಗಳು ತಿಂಗಳೂ ಎಂಟು ಹತ್ತು ದಿನ ಹೋಗುವ ರಕ್ತ ಹೇಗಾದರೂ ನಿಂತರೆ ಸಾಕಾಗಿರುತ್ತದೆ. ಅವರಿಗೆ ಗರ್ಭ ತಡೆಯಲು ಕೊಡುವ ಮಾಲಾ ಗುಳಿಗೆಯ ಹೆಸರು ಹೇಳಿದರೆ ಮಾತು ಸಿದ್ಧ: “ನಂದು ಆಪರೇಶನ್ ಆಗಿ ಹತ್ತು ವರ್ಷ ಆತು, ಮತ್ತೆ ಎಂತಕ್ಕೆ ಅದು?” ಮದುವೆಯಾಗದ ಹುಡುಗಿಯ ಜೊತೆ ಬಂದ ತಾಯಿಯಾದರೆ ಮಾತೂ ಇಲ್ಲ, ಚೀಲ ಎತ್ತಿಕೊಂಡು ಹೊರಟೇಬಿಡುತ್ತಾರೆ.

ಒಳ್ಳೆಯ ಔಷಧಿಯೊಂದಕ್ಕೆ ಕುಟುಂಬ ಯೋಜನೆಯ ಹಣೆಪಟ್ಟಿ ಅಂಟಿಕೊಂಡದ್ದರ ಫಲ ಇದು. ಆಪರೇಶನ್‌ನಲ್ಲಿ ಮಕ್ಕಳಾಗದಂತೆ ಕಟ್ಟುವುದು ಅಂಡನಾಳವನ್ನು. ರಕ್ತ ಹೋಗುವುದು ಗರ್ಭಕೋಶದ ಒಳಪದರದಿಂದ, ಅದರ ಗೊಡವೆಗೆ ಆಪರೇಶನ್ ಹೋಗುವುದೇ ಇಲ್ಲ. ಈಸ್ಟ್ರೋಜನ್ ಈ ಪದರವನ್ನು ಬೆಳೆಸುತ್ತದೆ, ಅಂಡ ಬಿಡುಗಡೆಯಾದ ಮೇಲೆ ಬರುವ ಪ್ರೊಜೆಸ್ಟರೋನ್ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಮೈನೆರೆದ ಮೊದಲ ವರ್ಷಗಳಲ್ಲೂ ನಲವತ್ತು ದಾಟಿದ ಮೇಲೂ ಅಂಡ ಬಿಡುಗಡೆಯಾಗದ ತಿಂಗಳುಗಳು ಹೆಚ್ಚು. ಆಗ ಕಡಿವಾಣವಿಲ್ಲದೆ ದಪ್ಪಗಾದ ಪದರ ಅಲ್ಲಷ್ಟು ಇಲ್ಲಷ್ಟು ಕಳಚುತ್ತ ದಿನಗಟ್ಟಲೆ ಸೋರುತ್ತದೆ. ಗುಳಿಗೆ ಎರಡೂ ಹಾರ್ಮೋನುಗಳನ್ನು ದಿನವೂ ಒಂದೇ ಪ್ರಮಾಣದಲ್ಲಿ ಕೊಟ್ಟು ಪದರವನ್ನು ತೆಳ್ಳಗೇ ಇಡುತ್ತದೆ. ಕಳಚುವುದಕ್ಕೇ ಹೆಚ್ಚಿಲ್ಲದ ಮೇಲೆ ಹೋಗುವುದೂ ಕಡಿಮೆ. “ಕೆಟ್ಟ ರಕ್ತ ಒಳಗೇ ನಿಂತರೆ?” ಎಂಬ ಹೆದರಿಕೆಗೂ ಇದೇ ಉತ್ತರ: ನಿಲ್ಲಲು ಅಲ್ಲಿ ಏನೂ ಕೂಡಿರುವುದಿಲ್ಲ.

‘ಹೆಚ್ಚು’ ಎಂದರೆ ಎಷ್ಟು? ಪುಸ್ತಕದ ಲೆಕ್ಕ ಒಂದು ಮುಟ್ಟಿಗೆ 80 ಮಿ.ಲೀ. ಮುಟ್ಟಿನ ಕಪ್ ಬಳಸುವವರು ಗೆರೆ ನೋಡಿ ಅಳೆಯಬಹುದು. ಉಳಿದವರಿಗೆ ಬೇರೆ ಗುರುತುಗಳಿವೆ: ಗಂಟೆ ಎರಡು ಗಂಟೆಗೊಂದು ಪ್ಯಾಡ್ ತೋಯುವುದು, ಎರಡು ರೂಪಾಯಿ ನಾಣ್ಯಕ್ಕಿಂತ ದೊಡ್ಡ ರಕ್ತದ ಗಡ್ಡೆ ಬೀಳುವುದು, ಏಳು ದಿನ ದಾಟುವುದು, ರಾತ್ರಿ ಬದಲಿಸಲೆಂದೇ ಏಳಬೇಕಾಗುವುದು. ಘಟ್ಟದ ಬಸ್ಸು ಹತ್ತಲು, ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋಗಲು ಹಿಂಜರಿಯುವಂತಾದರೆ ಮಿ.ಲೀ. ಲೆಕ್ಕ ಯಾಕೆ ಬೇಕು?

ಗುಳಿಗೆಗೆ ಮೊದಲು ಕಾರಣ ನೋಡಬೇಕು. ಬಸಿರಿನ ಪರೀಕ್ಷೆ ಯಾರಿಗೂ ಬಿಡುವಂತಿಲ್ಲ, ಆಪರೇಶನ್ ಆದವರಿಗೂ. ಹಿಮೋಗ್ಲೋಬಿನ್, ರಕ್ತದೊತ್ತಡ, ಹೊಟ್ಟೆಯ ಸ್ಕ್ಯಾನಿಂಗ್, ಲಕ್ಷಣವಿದ್ದರೆ ಥೈರಾಯ್ಡ್. ಮೊದಲ ಮುಟ್ಟಿನಿಂದಲೇ ವಿಪರೀತ ಹೋಗುತ್ತಿದ್ದು, ಹಲ್ಲು ಕೀಳಿಸಿದಾಗಲೂ ರಕ್ತ ನಿಲ್ಲದಿದ್ದರೆ ಹೆಪ್ಪುಗಟ್ಟುವಿಕೆಯ ದೋಷವಿದೆಯೇ ಎಂದು ನೋಡಬೇಕು, ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಅಂಥದ್ದು. 45 ದಾಟಿದವರಿಗೆ ಒಳಪದರದ ತುಣುಕು ತೆಗೆದು ಪರೀಕ್ಷಿಸದೆ ಹಾರ್ಮೋನ್ ಕೊಡುವುದು ಕಣ್ಣು ಕಟ್ಟಿಕೊಂಡು ಘಟ್ಟ ಇಳಿದಂತೆ. ಇನ್ನೊಂದು ಪ್ರಶ್ನೆ ಕೇಳಲು ಖರ್ಚಿಲ್ಲ, ಆದರೂ ಮರೆತುಹೋಗುತ್ತದೆ: ವಂಕಿ (ಗರ್ಭ ತಡೆಯಲು ಗರ್ಭಕೋಶದೊಳಗೆ ಕೂರಿಸುವ ಸಾಧನ) ಇದೆಯೇ? ಹೆರಿಗೆಯಾದ ಕೂಡಲೇ ಹಾಕಿದ ಕಾಪರ್-ಟಿ ಒಳಗಿದ್ದರೆ ರಕ್ತ ಹೆಚ್ಚು ಹೋಗಲು ಅದೇ ಕಾರಣವಿರಬಹುದು.

ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವುದು ಮಾಲಾ-ಎನ್, ಅಂಗಡಿಯಲ್ಲಿ ಮಾಲಾ-ಡಿ. ಒಳಗಿನ ಸರಕು ಒಂದೇ. ಒಂದು ಹಾಳೆಗೆ 28 ಗುಳಿಗೆ. 21 ಬಿಳಿಯವುಗಳಲ್ಲಿ ತಲಾ 0.15 ಮಿ.ಗ್ರಾಂ ಲೆವೊನಾರ್ಜೆಸ್ಟ್ರೆಲ್ (ಪ್ರೊಜೆಸ್ಟರೋನ್ ಜಾತಿಯದು), 0.03 ಮಿ.ಗ್ರಾಂ ಎಥಿನೈಲ್ ಈಸ್ಟ್ರಡಯೋಲ್ (ಈಸ್ಟ್ರೋಜನ್ ಜಾತಿಯದು). ಉಳಿದ ಏಳು ಬಣ್ಣದವು, ಕಬ್ಬಿಣದ ಗುಳಿಗೆಗಳು. ಮುಟ್ಟಾದ ಐದು ದಿನದೊಳಗೆ ಶುರುಮಾಡಿ, ರಾತ್ರಿ ಊಟವಾದ ಮೇಲೆ ದಿನಕ್ಕೊಂದು. ರಾತ್ರಿ ತೆಗೆದುಕೊಂಡರೆ ವಾಕರಿಕೆ ನಿದ್ದೆಯಲ್ಲೇ ಕಳೆದುಹೋಗುತ್ತದೆ. ಬಣ್ಣದ ಗುಳಿಗೆ ನುಂಗುವ ದಿನಗಳಲ್ಲಿ ಸ್ವಲ್ಪ ರಕ್ತ ಕಾಣುತ್ತದೆ. ಹಿಮೋಗ್ಲೋಬಿನ್ ತೀರ ಇಳಿದವರಿಗೆ ವೈದ್ಯರು ಆ ಏಳನ್ನು ಬಿಡಿಸಿ, ಬಿಳಿ ಮುಗಿದ ಮರುದಿನವೇ ಹೊಸ ಹಾಳೆ ಹಿಡಿಸುತ್ತಾರೆ, ಹೀಗೆ ಮೂರು ಹಾಳೆ ಒಟ್ಟಿಗೆ. ಸುಮಾರು ಹತ್ತು ವಾರಕ್ಕೆ ಒಂದೇ ಮುಟ್ಟು.

ಮೊದಲ ಎರಡು ಮೂರು ತಿಂಗಳು ನಡುನಡುವೆ ಕಲೆ ಕಾಣುವುದುಂಟು. ಹೆಚ್ಚಿನವರು ಬಿಡುವುದು ಇಲ್ಲೇ. ಬಿಟ್ಟರೆ ಎರಡು ದಿನದಲ್ಲಿ ಜೋರಾಗಿ ಹೋಗುತ್ತದೆ, ‘ಗುಳಿಗೆಯಿಂದಲೇ ಹೆಚ್ಚಾಯಿತು’ ಎಂಬ ಮಾತು ಊರೆಲ್ಲ ಸುತ್ತುತ್ತದೆ. ಮೂರು ಹಾಳೆ ಮುಗಿಯದೆ ತೀರ್ಪು ಬೇಡ. ಒಂದು ಗುಳಿಗೆ ಮರೆತರೆ ನೆನಪಾದ ಕೂಡಲೇ ಅದು, ಮುಂದಿನದು ಅದರ ಹೊತ್ತಿಗೇ. ಎರಡು ಅಥವಾ ಹೆಚ್ಚು ಬಿಟ್ಟಿದ್ದರೆ ಕೊನೆಯದಾಗಿ ಬಿಟ್ಟದ್ದೊಂದನ್ನು ನುಂಗಿ, ಹಿಂದಿನವನ್ನು ಎಸೆದು ಮುಂದುವರಿಸಬೇಕು. ಗರ್ಭ ತಡೆಯಲೂ ಬೇಕಿದ್ದರೆ ಏಳು ದಿನ ಕಾಂಡೋಮ್. ನುಂಗಿ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು. ಮಳೆಗಾಲದಲ್ಲಿ ದೇವಿಮನೆ ಘಟ್ಟ ಕುಸಿದು ದಾರಿ ಬಂದಾದದ್ದಿದೆ, ಹಾಗಾಗಿ ಮನೆಯಲ್ಲಿ ಎರಡು ಹಾಳೆ ಹೆಚ್ಚಿಗೆ ಇರಲಿ.

ಇನ್ನು ಯಾರಿಗೆ ಬೇಡ ಎಂಬುದು. ಇಲ್ಲಿ ಅವಸರ ಮಾಡಬಾರದು. ರಕ್ತದೊತ್ತಡ 140/90 ದಾಟಿದವರಿಗೆ, ಕಾಲಿನ ಅಥವಾ ಶ್ವಾಸಕೋಶದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ, ಕಣ್ಣೆದುರು ಮಿಂಚಿನ ಗೆರೆ ಕಂಡು ಆಮೇಲೆ ತಲೆನೋವು ಬರುವವರಿಗೆ, ಸ್ತನ ಕ್ಯಾನ್ಸರ್ ಆದವರಿಗೆ, ಯಕೃತ್ತಿನ ದೊಡ್ಡ ಕಾಯಿಲೆಯವರಿಗೆ, 35 ದಾಟಿ ಬೀಡಿ ಸಿಗರೇಟು ಸೇದುವವರಿಗೆ, ಆರು ತಿಂಗಳೊಳಗಿನ ಮಗುವಿಗೆ ಹಾಲೂಡಿಸುವವರಿಗೆ ಈ ಗುಳಿಗೆ ಅಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರಕ್ಕೆ ಕೊಡುವ ಫೆನಿಟೋಯಿನ್, ಕಾರ್ಬಮಝೆಪೀನ್ ಇವು ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತವೆ. ಹೆಪ್ಪುಗಟ್ಟುವ ಅಪಾಯದ ಅಳತೆಯನ್ನೂ ಹೇಳಬೇಕು: ಗುಳಿಗೆ ನುಂಗದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು ಇಬ್ಬರಿಗೆ ಹೀಗಾದರೆ, ಲೆವೊನಾರ್ಜೆಸ್ಟ್ರೆಲ್ ಇರುವ ಗುಳಿಗೆ ನುಂಗುವವರಲ್ಲಿ ಐದರಿಂದ ಏಳು ಜನಕ್ಕೆ. ಬಸಿರು ಬಾಣಂತನದಲ್ಲಿ ಅದಕ್ಕಿಂತ ಹೆಚ್ಚು. ಒಂದೇ ಕಾಲು ಊದಿ ನೋವು, ಎದೆನೋವು, ಏದುಸಿರು, ಹಠಾತ್ ದೃಷ್ಟಿ ಮಂಜು, ಹಿಂದೆಂದೂ ಬಾರದಂಥ ತಲೆನೋವು: ಯಾವುದು ಕಂಡರೂ ಗುಳಿಗೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ.

ಗುಳಿಗೆ ಆಗದವರಿಗೆ ನನ್ನ ಮೊದಲ ಆಯ್ಕೆ ಹಾರ್ಮೋನ್ ವಂಕಿ, 52 ಮಿ.ಗ್ರಾಂ ಲೆವೊನಾರ್ಜೆಸ್ಟ್ರೆಲ್ ತುಂಬಿದ್ದು. ಇದರಲ್ಲಿ ಈಸ್ಟ್ರೋಜನ್ ಇಲ್ಲ. ಶುರುವಿನಲ್ಲಿ ದಿನಕ್ಕೆ ಸುಮಾರು 20 ಮೈಕ್ರೊಗ್ರಾಂ, ಅದೂ ನೇರ ಒಳಪದರಕ್ಕೇ. ರಕ್ತಸ್ರಾವ 71ರಿಂದ 95 ಶೇಕಡಾ ಇಳಿಯುತ್ತದೆ. ಬೇರೆ ಯಾವ ಔಷಧಿಗೂ ಇಷ್ಟು ಬಲವಿಲ್ಲ. ಐದು ವರ್ಷ ಬರುತ್ತದೆ. ತೊಡಕು ಏನೆಂದರೆ, ಇದೂ ಕಾಪರ್-ಟಿಯೂ ನೋಡಲು ಒಂದೇ ‘ಟಿ’. ‘ವಂಕಿ ಹಾಕಿಸಿಕೋ’ ಎಂಬ ಮಾತು ಕೇಳಿ ಹೋಗಿ ಉಚಿತದ ಕಾಪರ್-ಟಿ 380ಎ ಹಾಕಿಸಿಕೊಂಡರೆ, ಇಳಿಯಬೇಕಾದ ರಕ್ತ ಏರುತ್ತದೆ. ಚೀಟಿಯಲ್ಲಿ ‘ವಂಕಿ’ ಎಂದಷ್ಟೇ ಬರೆದಿದ್ದರೆ ‘ಯಾವುದು?’ ಎಂದು ಕೇಳಿಯೇ ಏಳಬೇಕು. ಮೊದಲ ಮೂರರಿಂದ ಆರು ತಿಂಗಳು ಕಲೆ ಇದ್ದೇ ಇರುತ್ತದೆ. ಗರ್ಭಕೋಶದಲ್ಲಿ ದೊಡ್ಡ ಫೈಬ್ರಾಯ್ಡ್ ಗಡ್ಡೆ ಇದ್ದರೆ ವಂಕಿ ಜಾರಿ ಬೀಳುವುದು ಹೆಚ್ಚು, ಅದಕ್ಕೇ ಮುಟ್ಟು ಮುಗಿದ ಮೇಲೆ ಪ್ರತಿ ತಿಂಗಳು ವಂಕಿಯ ದಾರ ಬೆರಳಿಗೆ ಸಿಗುತ್ತದೆಯೇ ನೋಡಿಕೊಳ್ಳಬೇಕು. ಮುಟ್ಟಿನ ಕಪ್ ಬಳಸುವವರು ಬುಡ ಹಿಂಡಿ ಗಾಳಿ ಬಿಡಿಸಿ ತೆಗೆಯಲಿ, ಹಾಗೇ ಎಳೆದರೆ ದಾರವೂ ಜೊತೆಗೆ ಬಂದೀತು.

ಅಂತರಾ ಎಂಬುದು ಗರ್ಭ ತಡೆಯುವ, ಬರೀ ಪ್ರೊಜೆಸ್ಟರೋನ್ ಜಾತಿಯ ಚುಚ್ಚುಮದ್ದು: 150 ಮಿ.ಗ್ರಾಂ, ಮೂರು ತಿಂಗಳಿಗೊಂದು, ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಕೊಟ್ಟ ಜಾಗ ತಿಕ್ಕಬಾರದು. ವರ್ಷ ತುಂಬುವ ಹೊತ್ತಿಗೆ ಸುಮಾರು ಅರ್ಧದಷ್ಟು ಜನರಿಗೆ ಮುಟ್ಟೇ ನಿಂತಿರುತ್ತದೆ. ಆದರೆ ಮೊದಲ ತಿಂಗಳುಗಳಲ್ಲಿ ಅದು ಯಾವಾಗ ಬರುತ್ತದೆ ಎಂದು ಹೇಳುವಂತಿಲ್ಲ. ಒಮ್ಮೆ ಕೊಟ್ಟದ್ದನ್ನು ಮೈಯಿಂದ ಹೊರತೆಗೆಯಲೂ ಬರುವುದಿಲ್ಲ. ಮಗು ಬೇಕೆಂದಿರುವವರಿಗೆ ಇದು ಬೇಡ, ನಿಲ್ಲಿಸಿದ ಮೇಲೂ ಗರ್ಭ ನಿಲ್ಲಲು ತಿಂಗಳುಗಟ್ಟಲೆ ತಡವಾಗುತ್ತದೆ.

ಈಗ ಜಾತ್ರೆಯ ಗುಳಿಗೆ. ಅದು ನಾರೆಥಿಸ್ಟರೋನ್ 5 ಮಿ.ಗ್ರಾಂ. ಮುಟ್ಟಿನ ದಿನಕ್ಕೆ ಮೂರು ದಿನ ಮೊದಲೇ, ದಿನಕ್ಕೆ ಮೂರು ಹೊತ್ತು. ಮುಟ್ಟು ಶುರುವಾದ ಮೇಲೆ ಹಿಡಿದರೆ ಮುಂದೆ ಹೋಗುವುದಿಲ್ಲ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಬರುತ್ತದೆ, ಮೊದಲೇ ಹೆಚ್ಚು ಹೋಗುವವರಿಗೆ ಒಮ್ಮೊಮ್ಮೆ ಜೋರಾಗಿಯೇ. ಇದನ್ನೇ ಗರ್ಭನಿರೋಧಕ ಎಂದು ನಂಬಿ ಕೂರಬಾರದು. ‘ಬರೀ ಪ್ರೊಜೆಸ್ಟರೋನ್ ಜಾತಿಯದು, ಹೆಪ್ಪುಗಟ್ಟುವ ಭಯವಿಲ್ಲ’ ಎಂದು ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ. ಈ ಪ್ರಮಾಣದಲ್ಲಿ ನುಂಗಿದಾಗ ದೇಹ ಅದರ ಸ್ವಲ್ಪ ಭಾಗವನ್ನು ಎಥಿನೈಲ್ ಈಸ್ಟ್ರಡಯೋಲ್ ಆಗಿ ಬದಲಿಸುತ್ತದೆ. ಹಿಂದೆ ಹೆಪ್ಪುಗಟ್ಟಿದ್ದವರು ಜಾತ್ರೆಗೆಂದೂ ಇದನ್ನು ಮುಟ್ಟಬಾರದು.

6 ಫೆಬ್ರುವರಿ, ಬೆಳಿಗ್ಗೆ

ನಿನ್ನೆ ಬಿಟ್ಟುಹೋದದ್ದು.

ಛಾಯಾ ಗುಳಿಗೆ ಹಾರ್ಮೋನ್ ಅಲ್ಲ. ಅದು ಓರ್ಮೆಲೋಕ್ಸಿಫೀನ್, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ್ದು. ಗರ್ಭ ತಡೆಯಲು 30 ಮಿ.ಗ್ರಾಂ, ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಹೆಚ್ಚು ರಕ್ತಕ್ಕೆ ಕೊಡುವಾಗ ಪ್ರಮಾಣ ದುಪ್ಪಟ್ಟು: 60 ಮಿ.ಗ್ರಾಂ ವಾರಕ್ಕೆರಡು ಸಲ 12 ವಾರ, ನಂತರ ವಾರಕ್ಕೊಮ್ಮೆ 12 ವಾರ. ಅಂಡಾಶಯದಲ್ಲಿ ನೀರ್ಗುಳ್ಳೆ ಇರುವವರಿಗೆ ಬೇಡ.

ಟ್ರಾನೆಕ್ಸಾಮಿಕ್ ಆಮ್ಲ ಮುಟ್ಟಿನ ದಿನಗಳಿಗೆ ಮಾತ್ರ: 500 ಮಿ.ಗ್ರಾಂನ ಎರಡು, ದಿನಕ್ಕೆ ಮೂರು ಹೊತ್ತು, ನಾಲ್ಕು ದಿನ. ಹೆಪ್ಪು ಕರಗದಂತೆ ತಡೆಯುವ ಔಷಧಿ ಇದು. ಹಾಗಾಗಿ ಮಾಲಾ ಜೊತೆ ತಾವೇ ಸೇರಿಸಿಕೊಳ್ಳುವುದು ಅಪಾಯ.

ಕಬ್ಬಿಣದ ಲೆಕ್ಕದಲ್ಲಿ ಒಂದು ಮೋಸವಿದೆ. ಮಾಲಾದ ಬಣ್ಣದ ಗುಳಿಗೆಯ ಮೇಲೆ 60 ಎಂದಿರುವುದು ಫೆರಸ್ ಫ್ಯೂಮರೇಟ್‌ನ ತೂಕ, ಅದರಲ್ಲಿ ನಿಜವಾದ ಕಬ್ಬಿಣ ಸುಮಾರು 20 ಮಿ.ಗ್ರಾಂ. ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಗುಳಿಗೆಯಲ್ಲಿ 60 ಎಂದರೆ ಕಬ್ಬಿಣವೇ 60. ಒಂದು ಮಿ.ಲೀ. ರಕ್ತ ಹೋದರೆ ಅರ್ಧ ಮಿ.ಗ್ರಾಂ ಕಬ್ಬಿಣ ಹೋಗುತ್ತದೆ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದವರಿಗೆ ಮಾಲಾದ ಏಳು ಗುಳಿಗೆ ಯಾವ ಮೂಲೆಗೂ ಸಾಲದು. ಬೇರೆಯಾಗಿ ಕಬ್ಬಿಣ ಬೇಕು, ಹಿಮೋಗ್ಲೋಬಿನ್ ಸರಿಯಾದ ಮೇಲೂ ಮೂರು ತಿಂಗಳು. ಚಹಾಕ್ಕೂ ಅದಕ್ಕೂ ಎರಡು ಗಂಟೆ ಅಂತರ. ಕಷಾಯ ಕುಡಿಯುತ್ತೇವೆ, ಚಹಾ ಅಲ್ಲ ಎನ್ನುವವರೂ ಅದಕ್ಕೆ ಹಾಲು ಹಾಕಿದ್ದರೆ ಅಷ್ಟೇ ಅಂತರ ಇಡಲಿ. ಲಿಂಬೆ ಪಾನಕದ ಜೊತೆ ನುಂಗಿದರೆ ಒಳ್ಳೆಯದು.

ಗಂಟೆಗೊಂದು ಪ್ಯಾಡ್ ತೋಯುತ್ತ ಎರಡು ಗಂಟೆ ಕಳೆದರೆ, ಅಥವಾ ಎದ್ದು ನಿಂತರೆ ಕಣ್ಣು ಕತ್ತಲಿಟ್ಟರೆ, ಗುಳಿಗೆ ಹುಡುಕುತ್ತ ಕೂರುವುದಲ್ಲ, ಗಾಡಿ ಹುಡುಕುವುದು.

ಮತ್ತೆ, ‘ಗರ್ಭಕೋಶ ತೆಗೆಸಿಬಿಡುವಾ’ ಎಂದು ತೀರ್ಮಾನಿಸಿಕೊಂಡೇ ಬರುವವರಿಗೆ ಒಂದು ಕೆಲಸ. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕಕ್ಕೆ ಎಷ್ಟು ಪ್ಯಾಡ್ ಆಯಿತೋ ಅಷ್ಟು ಗೀಟು, ಗಡ್ಡೆ ಬಿದ್ದರೆ ಒಂದು ಸೊನ್ನೆ, ಗುಳಿಗೆ ಮರೆತ ದಿನಕ್ಕೆ ಅಡ್ಡಗೆರೆ. ಗುಳಿಗೆ ಹಿಡಿದ ತಿಂಗಳಿನಿಂದ ಕ್ಯಾಲೆಂಡರಿನ ಮೂರು ಹಾಳೆ ಹರಿದಿಟ್ಟುಕೊಂಡು ಬರಲಿ, ಮಾತು ಅಲ್ಲಿಂದ ಶುರುಮಾಡಬಹುದು.