ಗೆರೆ ಎಳೆದ ಸಾಲು

ಎರಡು ವರ್ಷದ ಹಿಂದೆ, ಮಳೆಗಾಲ ಇನ್ನೇನು ಹಿಡಿಯುತ್ತದೆ ಎನ್ನುವ ಹೊತ್ತಿಗೆ, ಶಿರಸಿ ಕಡೆಯ ತೋಟದಿಂದ ಭಾವ ಫೋನ್ ಮಾಡಿದ್ದರು. ನಗರದ ಕೆಲಸ ಬಿಟ್ಟು ಊರಿಗೆ ಮರಳಿದ ಮೇಲೆ ಅವರು ತಾವೇ ನಿಂತು ಅಡಿಕೆಗೆ ಕೊಳೆಮದ್ದು ಹೊಡೆಸುತ್ತಿದ್ದ ಮೊದಲ ವರ್ಷ ಅದು. ಕೊಳೆರೋಗ ತಡೆಯುವ ಆ ಮದ್ದಿನ, ಅಂದರೆ ಬೋರ್ಡೋ ದ್ರಾವಣದ, ಲೆಕ್ಕ ಅವರಿಗೆ ಬಾಯಿಪಾಠವಾಗಿತ್ತು: ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೋ, ಸುಣ್ಣದ ನೀರನ್ನು ಮೈಲುತುತ್ತಕ್ಕೆ ಸುರಿಯಬೇಕೋ ಎಂಬಲ್ಲಿ ಮಾತ್ರ ಅನುಮಾನವಿತ್ತು. ನಾನು ಜಾಲದಲ್ಲಿ ಹುಡುಕಿ, ಒಂದು ಒಳ್ಳೆಯ ಲೇಖನದ ಕೊಂಡಿಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು: “ಮಾರಾಯ, ದೊಡ್ಡ ಪುರಾಣವನ್ನೇ ಕಳಿಸಿದ್ದೀಯ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಬುಡದಲ್ಲಿ ಕಾಯ್ತಾ ಇದ್ದಾನೆ. ನನಗೆ ಬೇಕಾದ ಸಾಲು ಎಲ್ಲಿದೆ?”

ಆ ಸಾಲು ಲೇಖನದ ಮಧ್ಯದಲ್ಲೆಲ್ಲೋ, ರೋಗದ ಇತಿಹಾಸ ಮತ್ತು ಶಿಲೀಂಧ್ರದ ವಿವರಣೆಯೆಲ್ಲ ಮುಗಿದ ಮೇಲೆ ಬರುತ್ತಿತ್ತು. ಅಂದು ನಾನು ಮೊದಲ ಸಲ, ಕ್ರೋಮ್ ಬ್ರೌಸರಿನಲ್ಲಿ 2021ರಿಂದಲೇ ಇದ್ದ ಒಂದು ಸೌಲಭ್ಯವನ್ನು ಬಳಸಿದೆ. ಬೇಕಾದ ವಾಕ್ಯವನ್ನು ಆಯ್ದು, ಆ ಹೈಲೈಟಿಗೆ ನೇರವಾಗಿ ಹೋಗುವ ಕೊಂಡಿಯನ್ನು ನಕಲಿಸಿ ಕಳಿಸಿದರೆ, ಅದನ್ನು ಒತ್ತಿದವರಿಗೆ ಪುಟವು ತಾನಾಗಿ ಆ ವಾಕ್ಯದವರೆಗೆ ಸರಿದು, ಹಳದಿಯೋ ನೇರಳೆಯೋ ಬಣ್ಣ ಬಳಿದುಕೊಂಡು ನಿಲ್ಲುತ್ತದೆ. ಓದುವವರು ಯಾವ ಎಕ್ಸ್‌ಟೆನ್ಷನನ್ನೂ ಹಾಕಿಕೊಳ್ಳಬೇಕಾಗಿಲ್ಲ, ಎಲ್ಲಿಯೂ ಖಾತೆ ತೆರೆಯಬೇಕಾಗಿಲ್ಲ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು ಎಂಬುದನ್ನು ಭಾವ ಓದಿಕೊಂಡರು. ಕೊನೆಗೌಡ ಮರ ಹತ್ತಿದ.

ಈ ಕೊಂಡಿಯ ಒಳಗುಟ್ಟು ಸರಳವಾದದ್ದು. ಪುಟದ ವಿಳಾಸದ ಕೊನೆಗೆ ಒಂದು ಹ್ಯಾಶ್ ಗುರುತು ಮತ್ತು ಇನ್ನೆರಡು ಮೂರು ಚಿಹ್ನೆಗಳನ್ನು ಸೇರಿಸಿ, ನಾವು ಆಯ್ದ ಮಾತನ್ನೇ ಅಲ್ಲಿ ಬರೆಯಲಾಗಿರುತ್ತದೆ. ಭಾಗ ಉದ್ದವಾಗಿದ್ದರೆ ಅದರ ಮೊದಲ ಮತ್ತು ಕೊನೆಯ ಕೆಲವು ಪದಗಳಷ್ಟೇ ಇರುತ್ತವೆ. ಬ್ರೌಸರ್ ಪುಟವನ್ನು ತೆರೆದು ಆ ಪದಗಳನ್ನು ಹುಡುಕುತ್ತದೆ. ಸಿಕ್ಕರೆ ಬಣ್ಣ ಬಳಿಯುತ್ತದೆ, ಸಿಗದಿದ್ದರೆ ಏನೂ ಆಗದವರಂತೆ ಪುಟದ ತಲೆಯನ್ನು ತೋರಿಸುತ್ತದೆ. ಸಫಾರಿಗೆ ಈ ವಿದ್ಯೆ 2022ರಲ್ಲಿ ಬಂತು, ಫೈರ್‌ಫಾಕ್ಸ್‌ಗೆ 2024ರಲ್ಲಿ.

ಕನ್ನಡದ ಮಟ್ಟಿಗೆ ಇದರಲ್ಲಿ ಕೆಲವು ತಾಪತ್ರಯಗಳಿವೆ. ಕಂಪ್ಯೂಟರುಗಳು ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ ‘ಸುಣ್ಣ’ ಎಂಬ ಎರಡಕ್ಷರದ ಪದಕ್ಕೆ ಐದು ಸಂಕೇತಗಳು ಬೇಕು. ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್. ವಿಳಾಸದಲ್ಲಿ ಪ್ರತಿ ಬೈಟೂ ಶೇಕಡಾ ಚಿಹ್ನೆಯೊಡನೆ ಮೂರು ಅಕ್ಷರವಾಗಿ ಹಿಗ್ಗುತ್ತದೆ. ಹೀಗೆ ಒಂದು ‘ಸುಣ್ಣ’ 45 ಅಕ್ಷರಗಳಾಗುತ್ತದೆ. ನಾಲ್ಕು ಪದಗಳ ಕೊಂಡಿಯನ್ನು ನೋಡಿದರೆ ಯಾವುದೋ ವೈರಸ್ ಬಂದಿದೆಯೆಂದು ಮನೆಯ ಹಿರಿಯರು ಹೆದರುವುದು ಸಹಜ. ನಮ್ಮ ಅಕ್ಕ ಮೊದಲ ಸಲ ಅದನ್ನು ಮುಟ್ಟಲೂ ಇಲ್ಲ. ಇನ್ನೊಂದು ಸೂಕ್ಷ್ಮವೆಂದರೆ, ಈ ಹುಡುಕಾಟವು ಇಡೀ ಪದಗಳನ್ನು ಮಾತ್ರ ಒಪ್ಪುತ್ತದೆ. ಪುಟದಲ್ಲಿ ‘ಸುಣ್ಣದ’ ಎಂದಿರುವಾಗ ಕೊಂಡಿಯಲ್ಲಿ ‘ಸುಣ್ಣ’ ಎಂದಷ್ಟೇ ಕೈಯಾರೆ ಬರೆದರೆ ಅದು ಸಿಗುವುದಿಲ್ಲ. ಪ್ರತ್ಯಯಗಳನ್ನು ಪದಕ್ಕೇ ಅಂಟಿಸಿಕೊಂಡು ನಡೆಯುವ ನಮ್ಮ ಭಾಷೆಯಲ್ಲಿ ಇದನ್ನು ನೆನಪಿಡಲೇಬೇಕು. ಲೇಖಕರು ನಾಳೆ ‘ಸುಣ್ಣದ ನೀರಿಗೆ’ ಎಂಬುದನ್ನು ‘ಸುಣ್ಣದ ತಿಳಿಗೆ’ ಎಂದು ತಿದ್ದಿದರೂ ಸಾಕು, ಆ ಪದಗಳನ್ನು ನಂಬಿದ್ದ ಬಣ್ಣ ಮಾಯವಾಗುತ್ತದೆ.

ಹಂಚುವುದಷ್ಟೇ ಅಲ್ಲದೆ ಕೂಡಿಡುವುದೂ ಬೇಕೆನ್ನುವವರಿಗೆ ಬೇರೆ ಬಗೆಯ ಉಪಕರಣಗಳಿವೆ. ನನಗೆ ಹೆಚ್ಚು ಹಿಡಿಸಿದ್ದು ಹೈಪಾಥಿಸಿಸ್. 2011ರಲ್ಲಿ ಡ್ಯಾನ್ ವೇಲಿ ಲಾಭದ ಉದ್ದೇಶವಿಲ್ಲದೆ ಆರಂಭಿಸಿದ, ಮುಕ್ತ ತಂತ್ರಾಂಶದ ಯೋಜನೆ ಇದು. ಯಾವುದೇ ಪುಟದ ಸಾಲಿಗೆ ಗೆರೆ ಎಳೆದು, ಅಂಚಿನಲ್ಲಿ ಟಿಪ್ಪಣಿ ಬರೆದು, ಅದನ್ನು ನಮಗಷ್ಟೇ ಇಟ್ಟುಕೊಳ್ಳಬಹುದು, ಒಂದು ಗುಂಪಿಗೆ ತೋರಿಸಬಹುದು, ಇಲ್ಲವೇ ಲೋಕಕ್ಕೆಲ್ಲ ತೆರೆದಿಡಬಹುದು. ಟಿಪ್ಪಣಿ ಬರೆಯುವಾಗ ಮೊದಲು ಎದುರಾಗುವ ಆಯ್ಕೆಯೇ ಸಾರ್ವಜನಿಕ ಎಂಬುದನ್ನು ಹೊಸಬರು ಗಮನಿಸಬೇಕು. ಮನೆಯ ಲೆಕ್ಕವನ್ನು ಅಂಚಿನಲ್ಲಿ ಬರೆದು ಪೇಟೆಗೆಲ್ಲ ತೋರಿಸಿದಂತೆ ಆದೀತು. ಇಂಥ ಟಿಪ್ಪಣಿಗಳು ಹೇಗಿರಬೇಕು ಎಂಬುದಕ್ಕೆ, ಜಾಲದ ಮಾನಕಗಳನ್ನು ರೂಪಿಸುವ ಸಂಸ್ಥೆಯಾದ ಡಬ್ಲ್ಯು3ಸಿ 2017ರ ಫೆಬ್ರವರಿಯಲ್ಲಿ ಒಂದು ಮಾನಕವನ್ನೂ ಪ್ರಕಟಿಸಿತು. ಅದರ ಒಂದು ವಿಧಾನವು ಗೆರೆ ಎಳೆದ ಮಾತಿನ ಜೊತೆಗೆ ಅದರ ಹಿಂದಿನ ಮತ್ತು ಮುಂದಿನ ಕೆಲವು ಅಕ್ಷರಗಳನ್ನೂ ನೆನಪಿಟ್ಟುಕೊಳ್ಳುತ್ತದೆ. ಒಂದೇ ಪದ ಪುಟದಲ್ಲಿ ಹತ್ತು ಕಡೆ ಬಂದರೂ ನಮ್ಮ ಗೆರೆ ಯಾವುದರ ಮೇಲೆ ಬೀಳಬೇಕೆಂದು ತಿಳಿಯುವುದು ಆ ನೆರೆಹೊರೆಯಿಂದಲೇ. ಪುಟ ಬದಲಾಗಿ ಜಾಗವೇ ಗೊತ್ತಾಗದ ಟಿಪ್ಪಣಿಗಳನ್ನು ಹೈಪಾಥಿಸಿಸ್ ‘ಅನಾಥ’ ಎಂಬರ್ಥದ ಶೀರ್ಷಿಕೆಯಡಿ ಬೇರೆಯಾಗಿ ತೋರಿಸುತ್ತದೆ. ಹೆಸರು ಮನಸ್ಸಿಗೆ ಚುಚ್ಚುವಂತಿದ್ದರೂ, ನಾವು ಬರೆದ ಮಾತಾದರೂ ಅಲ್ಲಿ ಉಳಿದಿರುತ್ತದೆ ಎಂಬುದು ಸಮಾಧಾನ.

ನನ್ನ ಸಂಗ್ರಹಕ್ಕೆ ಆ ಸಮಾಧಾನವೂ ಇರಲಿಲ್ಲ. ಬೇರೊಂದು ಸೇವೆಯಲ್ಲಿ ನಾಲ್ಕು ವರ್ಷ ಗೆರೆ ಎಳೆಯುತ್ತ ಬಂದಿದ್ದೆ. ಅದು ಮುಚ್ಚುವ ಸೂಚನೆ ಬಂದ ಮಿಂಚಂಚೆಯನ್ನು ನಾನು ತೆರೆದು ನೋಡಿರಲಿಲ್ಲ. ದೊಡ್ಡವರ ಬೆಂಬಲವಿದ್ದ ಸೇವೆಗಳೂ ಇದಕ್ಕೆ ಹೊರತಲ್ಲ, ಓದಬೇಕಾದ ಪುಟಗಳನ್ನು ಕೂಡಿಡುತ್ತಿದ್ದ ಮೊಜಿಲ್ಲಾದ ಪಾಕೆಟ್ 2025ರ ಜುಲೈ 8ರಂದು ನಿಂತಿತು. ಕಳೆದ ವರ್ಷ ಮತ್ತೆ ಮದ್ದು ಹೊಡೆಸುವ ಕಾಲಕ್ಕೆ ಭಾವ ಹಳೆಯ ಕೊಂಡಿಯನ್ನೇ ಒತ್ತಿದರು. ಆ ಜಾಲತಾಣ ಹೊಸ ರೂಪ ತಳೆದು, ಲೇಖನದ ವಿಳಾಸವೇ ಬದಲಾಗಿತ್ತು. ಗೆರೆ ನನ್ನದಾಗಿದ್ದರೂ ಗೋಡೆ ಬೇರೆಯವರದು ಎಂಬುದು ನನ್ನ ತಲೆಗೆ ಹೊಕ್ಕಿದ್ದು ಆಗ. ಅಂದಿನಿಂದ ಮುಖ್ಯವೆನಿಸಿದ ಸಾಲನ್ನು ಅದರ ಹಿಂದುಮುಂದಿನ ವಾಕ್ಯಗಳ ಸಮೇತ ಎತ್ತಿ, ಲೇಖನದ ಹೆಸರು, ವಿಳಾಸ ಮತ್ತು ಓದಿದ ತಾರೀಖಿನೊಂದಿಗೆ ನನ್ನ ಕಂಪ್ಯೂಟರಿನ ಒಂದು ಸಾದಾ ಕಡತದಲ್ಲಿ ಬರೆದಿಡುತ್ತೇನೆ. ಪುಟದ ಒಂದು ಪ್ರತಿಯನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಉಳಿಸಿ, ಆ ಕೊಂಡಿಯನ್ನೂ ಪಕ್ಕಕ್ಕೆ ಇಡುತ್ತೇನೆ. ಸ್ಕ್ರೀನ್‌ಶಾಟ್ ತೆಗೆದರಾಯಿತಲ್ಲ ಎನ್ನುವವರಿದ್ದಾರೆ. ಯಾರು ಬರೆದದ್ದು, ಎಂದು ಬರೆದದ್ದು ಎಂಬುದೆಲ್ಲ ಕತ್ತರಿಸಿಹೋದ ಚಿತ್ರಗಳು ಗುಂಪಿನಿಂದ ಗುಂಪಿಗೆ ಅಲೆಯುವುದನ್ನು ದಿನಾ ನೋಡುತ್ತಿರುವುದರಿಂದ ನನಗೆ ಅದು ಒಪ್ಪಿಗೆಯಿಲ್ಲ.

ಈ ವರ್ಷ, ಕಳೆದುಹೋದ ಲೇಖನದ ಬದಲಿಗೆ ಹಳೆಯದೊಂದು ಕೃಷಿ ಕರಪತ್ರದ ಪಿಡಿಎಫ್ ಸಿಕ್ಕಿತು. ಯೂನಿಕೋಡಿಗೆ ಮುಂಚಿನ ಫಾಂಟಿನಲ್ಲಿ ಅಚ್ಚಾದದ್ದು. ಕಣ್ಣಿಗೆ ಸ್ವಚ್ಛ ಕನ್ನಡ, ನಕಲಿಸಿದರೆ ತಲೆಬುಡವಿಲ್ಲದ ರೋಮನ್ ಅಕ್ಷರ. ಇಂಥ ಕಡತದಲ್ಲಿ ಬಣ್ಣ ಬಳಿಯಬಹುದೇ ಹೊರತು, ಬಳಿದದ್ದನ್ನು ಎತ್ತಿಕೊಂಡರೆ ಓದಲು ಬರುವುದಿಲ್ಲ, ಹುಡುಕಲೂ ಬರುವುದಿಲ್ಲ. ವಿಧಿಯಿಲ್ಲದೆ ಬೇಕಾದ ಭಾಗವನ್ನು ಕುಳಿತು ಟೈಪ್ ಮಾಡತೊಡಗಿದೆ. ನಾನು ಎರಡು ವರ್ಷದ ಹಿಂದೆ ಗೆರೆ ಎಳೆದು ಕಳಿಸಿದ್ದ ವಾಕ್ಯದ ವಿಷಯವೇ ಇಲ್ಲಿಯೂ ಇತ್ತು, ಅದರ ಮುಂದೆ ಇನ್ನೊಂದು ಮಾತೂ ಇತ್ತು: ದ್ರಾವಣದಲ್ಲಿ ಹೊಳೆಯುವ ಚಾಕುವಿನ ಅಲಗನ್ನು ಅದ್ದಿ ನೋಡಬೇಕು, ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಬೆರೆಸಬೇಕು. ಅಂದಿನ ಲೇಖನದಲ್ಲಿಯೂ ಇದು ಮುಂದಿನ ಸಾಲಿನಲ್ಲೇ ಇತ್ತೆಂದು ಈಗ ನೆನಪಾಗುತ್ತಿದೆ. ಅವಸರದಲ್ಲಿ ನಾನು ಬಣ್ಣವನ್ನು ಅದಕ್ಕಿಂತ ಮೊದಲೇ ನಿಲ್ಲಿಸಿದ್ದೆ.

ಎರಡೂ ವಾಕ್ಯಗಳನ್ನು ಭಾವನಿಗೆ ಕಳಿಸಿದೆ. ಮರುದಿನ ಅವರಿಂದ ಬಂದದ್ದು ಒಂದು ಫೋಟೊ ಮಾತ್ರ: ನೀಲಿ ಡ್ರಮ್ಮಿನ ಅಂಚಿನ ಮೇಲೆ ಅಡುಗೆಮನೆಯ ಚಾಕು, ಅಲಗು ಬೆಳ್ಳಗೆ ಹೊಳೆಯುತ್ತಿತ್ತು.